ಪಿಕಪ್ ಮೇಲೆ ಕ್ಯಾಂಪರ್: ಸಸ್ಪೆನ್ಶನ್‌ಗೆ ದುಡ್ಡು ಸುರಿಯುವ ಮೊದಲು ಏನು, ಆಮೇಲೆ ಏನು

ನಮ್ಮ ಕಾಸರಗೋಡಿನಲ್ಲಿ ಕುಂಬಳೆಯಿಂದ ಬಂದರೂ ಅದೇ, ಮುಳ್ಳೇರಿಯಾದಿಂದ ಬಂದರೂ ಅದೇ ಪ್ರಶ್ನೆ. "ಮಾಷ್ಟ್ರೆ, ಪಿಕಪ್ ಹಿಂದೆ ಕ್ಯಾಂಪರ್ ಕೂರಿಸಿದೆ. ಹಿಂಭಾಗ ಕುಸಿಯಿತು. ಎರಡು ಪ್ಲೇಟ್ ಜಾಸ್ತಿ ಹಾಕಿಸಿದೆ. ಈಗ ಖಾಲಿ ಇದ್ದಾಗ ಕುಪ್ಪಳಿಸ್ತದೆ, ಲೋಡ್ ಇದ್ದಾಗ ತಿರುವಿನಲ್ಲಿ ದೋಣಿ ಹಾಗೆ ಓಲಾಡ್ತದೆ. ಇನ್ನೇನು ಹಾಕಿಸ್ಲಿ?"

ಇನ್ನೇನೂ ಹಾಕಿಸಬೇಡಿ, ಸದ್ಯಕ್ಕೆ. ಹೀಗೆ ಬಂದ ಗಾಡಿಗಳಲ್ಲಿ ಹೆಚ್ಚಿನವುಗಳ ತೊಂದರೆ ಸಾಮಾನಿನದ್ದಲ್ಲ, ಕ್ರಮದ್ದು. ಮೊದಲು ಸಾಮಾನು ತಂದು, ಆಮೇಲೆ ರೋಗ ಹುಡುಕಿ, ಕೊನೆಗೆ ಯಾವಾಗಲೋ ತೂಕ ನೋಡುತ್ತಾರೆ. ಅದನ್ನು ಪೂರ್ತಿ ತಿರುಗಿಸಬೇಕು. ನಾನೂ ಮೊದಲ ಗಾಡಿಯಲ್ಲಿ ಅದೇ ತಪ್ಪು ಮಾಡಿದವನು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ "ಕ್ಯಾಂಪರ್" ಅಂದರೆ ಕೆಲವರಿಗೆ ಬೊಲೆರೊ ಕ್ಯಾಂಪರ್ ನೆನಪಾಗುತ್ತದೆ. ಅದು ಎರಡು ಸಾಲು ಸೀಟಿನ ಪಿಕಪ್‌ನ ಹೆಸರು ಅಷ್ಟೆ. ಇಲ್ಲಿ ನಾನು ಹೇಳುತ್ತಿರುವುದು ಪಿಕಪ್‌ನ ಹಿಂದಿನ ತೊಟ್ಟಿಯಲ್ಲಿ ಕೂರಿಸುವ, ಒಳಗೆ ಮಲಗಿ ಅಡುಗೆ ಮಾಡಬಹುದಾದ ಪೆಟ್ಟಿಗೆಯ ಬಗ್ಗೆ. ಗಾಡಿ ಡಿ-ಮ್ಯಾಕ್ಸ್ ಇರಲಿ, ಹೈಲಕ್ಸ್ ಇರಲಿ, ಹಿಂದೆ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಕಟ್ಟಿದ ಬಾಗಿದ ಉಕ್ಕಿನ ಪ್ಲೇಟುಗಳು, ಇದ್ದರೆ ಲೆಕ್ಕ ಒಂದೇ.

ಕೈಯಲ್ಲಿ ಇರಬೇಕಾದ್ದು

ಟೇಪು, ಟಯರ್ ಗಾಳಿ ನೋಡುವ ಒಳ್ಳೆಯ ಗೇಜು, ಚಾಕ್‌ಪೀಸು, ಸ್ವಲ್ಪ ಗ್ರೀಸು, ಟಾರ್ಚು, ಒಂದು ಪುಸ್ತಕ. ಆರ್‌ಸಿಯ ಪ್ರತಿ. ಗಾಡಿಯ ಮ್ಯಾನುವಲ್. ಬೋಲ್ಟ್ ಬಿಗಿಯುವ ಕೆಲಸ ನೀವೇ ಮಾಡುವುದಾದರೆ ಟಾರ್ಕ್ ರೆಂಚ್ ಮತ್ತು ಗಟ್ಟಿ ಜಾಕ್ ಸ್ಟ್ಯಾಂಡ್. ಬರೀ ಜಾಕ್ ಮೇಲೆ ನಿಂತ ಗಾಡಿಯ ಅಡಿಗೆ ನುಸುಳಬೇಡಿ. ಅಡಿಗೆ ಮುರಕಲ್ಲು ಕೊಡುವವರನ್ನೂ ನೋಡಿದ್ದೇನೆ. ಮುರಕಲ್ಲು ಗೋಡೆಗೆ ಒಳ್ಳೆಯದು, ಎರಡು ಟನ್ ಗಾಡಿಯ ಕೆಳಗೆ ಅದು ಯಾವ ಕ್ಷಣದಲ್ಲಿ ಒಡೆಯುತ್ತದೆ ಹೇಳಲಾಗದು.

## 1. ತೂಕ ಹಾಕಿ, ಮೂರು ಸಲ

ಪ್ರವಾಸಕ್ಕೆ ಹೊರಡುವಾಗ ಗಾಡಿ ಹೇಗಿರುತ್ತದೋ ಹಾಗೇ ತುಂಬಿಸಿ. ಡೀಸೆಲ್ ಫುಲ್, ನೀರಿನ ಟ್ಯಾಂಕ್ ಫುಲ್, ಗ್ಯಾಸ್, ಹಾಸಿಗೆ, ಪಾತ್ರೆ, ಜೊತೆಗೆ ಹೋಗುವ ಜನ. ಲಾರಿ ತೂಗುವ ಹತ್ತಿರದ ವೇ ಬ್ರಿಜ್‌ಗೆ ಹೋಗಿ. ಜಲ್ಲಿ ಕ್ರಷರ್, ಗುಜರಿ ವ್ಯಾಪಾರ, ಮರದ ಡಿಪೋ ಇರುವ ಕಡೆ ಒಂದು ಇದ್ದೇ ಇರುತ್ತದೆ. ಬೆಳಿಗ್ಗೆ ಬೇಗ ಹೋದರೆ ಲಾರಿಗಳ ಸಾಲು ಇರುವುದಿಲ್ಲ, ಮೂರು ಸಲ ತೂಗಲು ಅವರೂ ಗೊಣಗುವುದಿಲ್ಲ.

ಮೊದಲ ತೂಕ ಪೂರ್ತಿ ಗಾಡಿಯದ್ದು. ಎರಡನೆಯದು ಮುಂದಿನ ಚಕ್ರಗಳು ಮಾತ್ರ ಬ್ರಿಜ್ ಮೇಲೆ. ಮೂರನೆಯದು ಹಿಂದಿನ ಚಕ್ರಗಳು ಮಾತ್ರ. ಬ್ರಿಜ್ ಮತ್ತು ಹೊರಗಿನ ನೆಲ ಒಂದೇ ಮಟ್ಟದಲ್ಲಿರಬೇಕು, ಇಲ್ಲದಿದ್ದರೆ ಆಕ್ಸಲ್ (ಎಡ ಬಲ ಚಕ್ರಗಳ ನಡುವಿನ ಅಚ್ಚು) ಲೆಕ್ಕ ತಪ್ಪುತ್ತದೆ. ಜಾಗ ಇದ್ದರೆ ಎಡಗಡೆಯ ಚಕ್ರಗಳನ್ನು ಮಾತ್ರ ಹತ್ತಿಸಿ ಇನ್ನೊಂದು ತೂಕ ತೆಗೆಯಿರಿ. ಫ್ರಿಜ್, ಬ್ಯಾಟರಿ, ನೀರು ಎಲ್ಲ ಒಂದೇ ಬದಿಗೆ ಬಂದಿದ್ದರೆ ಅಲ್ಲಿ ಗೊತ್ತಾಗುತ್ತದೆ.

ಈಗ ಆರ್‌ಸಿಯಲ್ಲಿರುವ ಒಟ್ಟು ತೂಕದ ಮಿತಿಯನ್ನು ಚೀಟಿಯ ಪಕ್ಕ ಇಡಿ. ಎಷ್ಟೋ ಜನರಿಗೆ ಮೊದಲ ಪೆಟ್ಟು ಇಲ್ಲೇ. ನೋಡಲು ದೈತ್ಯನ ಹಾಗಿರುವ ಡಬಲ್ ಕ್ಯಾಬ್ ಪಿಕಪ್‌ಗಳಲ್ಲಿ ಕೆಲವು ಅರ್ಧ ಟನ್ ಹೊರಲೂ ಅನುಮತಿ ಇಲ್ಲದವು. ಜನ ಕೂತು, ಪೆಟ್ಟಿಗೆ ಕೂತ ಮೇಲೆ ಒಂದು ಕೊಡ ನೀರಿಗೂ ಜಾಗ ಉಳಿದಿರುವುದಿಲ್ಲ.

ನನ್ನ ಮೊದಲ ಚೀಟಿ ಇನ್ನೂ ಇದೆ. ಮಿತಿ 2,950 ಕೆ.ಜಿ., ತೂಗಿದ್ದು 3,070. ಮುಂದೆ 1,180, ಹಿಂದೆ 1,890. ಅಂದರೆ 120 ಕೆ.ಜಿ. ಹೆಚ್ಚು. ಆಗ ವರ್ಕ್‌ಶಾಪಿನವರು ಹೇಳಿದ್ದು, "ಹೆವಿ ಸ್ಪ್ರಿಂಗ್ ಹಾಕಿದ್ರೆ ಆಯ್ತು ಮಾಷ್ಟ್ರೆ." ಅಲ್ಲ, ಆಗುವುದಿಲ್ಲ. ಸ್ಪ್ರಿಂಗ್ ಗಟ್ಟಿ ಮಾಡಿದರೆ ಗಾಡಿಯ ಎತ್ತರ ಸರಿಯಾಗುತ್ತದೆ, ಮಿತಿ ಏರುವುದಿಲ್ಲ. ಬೇರಿಂಗ್, ಆಕ್ಸಲ್, ಬ್ರೇಕ್, ಚಾಸಿಸ್, ಟಯರ್ ಎಲ್ಲ ಹಳೆಯವೇ ತಾನೇ? ಸ್ಪ್ರಿಂಗ್ ಬದಲಿಸಿದ್ದು ಅವುಗಳಿಗೆ ಗೊತ್ತೇ ಇಲ್ಲ.

## 2. ಇಳಿಸಬಹುದಾದ್ದನ್ನು ಇಳಿಸಿ

ಸಸ್ಪೆನ್ಶನ್‌ನಲ್ಲಿ ಅತಿ ಅಗ್ಗದ ಸುಧಾರಣೆ ಇದೇ. ಒಂದು ಲೀಟರ್ ನೀರು ಅಂದರೆ ಒಂದು ಕೆ.ಜಿ. ಮನೆಯ 14.2 ಕೆ.ಜಿ. ಗ್ಯಾಸ್ ಸಿಲಿಂಡರ್ ತುಂಬಿದಾಗ ಉಕ್ಕಿನ ತೂಕವೂ ಸೇರಿ 30 ಕೆ.ಜಿ. ಹತ್ತಿರ. ಇನ್ವರ್ಟರಿನ 150 ಎಎಚ್ ಟ್ಯೂಬುಲರ್ ಬ್ಯಾಟರಿ ಆಸಿಡ್ ಸಮೇತ 50ರಿಂದ 60 ಕೆ.ಜಿ. 18 ಎಂ.ಎಂ. ಪ್ಲೈವುಡ್ಡಿನ ಎಂಟು-ನಾಲ್ಕರ ಒಂದು ಹಾಳೆಯೇ ಸುಮಾರು 35 ಕೆ.ಜಿ. ನಮ್ಮ ಮಳೆಗಾಲದಲ್ಲಿ ಅಂಚಿನಿಂದ ನೀರು ಕುಡಿದರೆ ಇನ್ನೂ ಜಾಸ್ತಿ.

ನಾನು ಮಾಡಿದ್ದು ಇಷ್ಟು. ಟ್ಯೂಬುಲರ್ ತೆಗೆದು 100 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿದೆ, 40 ಕೆ.ಜಿ.ಗೂ ಹೆಚ್ಚು ಇಳಿಯಿತು. ನೀರು 60 ಲೀಟರ್ ಬದಲು 20 ತುಂಬಿ, ತಲುಪಿದ ಊರಲ್ಲಿ ಉಳಿದದ್ದು ತುಂಬುವ ಅಭ್ಯಾಸ ಮಾಡಿದೆ. ದೊಡ್ಡ ಸಿಲಿಂಡರ್ ಬದಲು 5 ಕೆ.ಜಿ.ಯದ್ದು. ಮಂಚದ ಹಲಗೆ 18ರಿಂದ 9 ಎಂ.ಎಂ.ಗೆ. ಕೊನೆಗೆ ಕಪಾಟಿನ ಮೂಲೆಯಲ್ಲಿ ಅಮ್ಮ ಇಟ್ಟಿದ್ದ ಟೇಬಲ್ ಗ್ರೈಂಡರ್ ಸಿಕ್ಕಿತು, ಕಲ್ಲು ಸಮೇತ 12 ಕೆ.ಜಿ. "ದಾರಿಯಲ್ಲಿ ದೋಸೆ ತಿನ್ನಬೇಕು ಅನಿಸಿದ್ರೆ?" ಅಂದರು. ಹಿಟ್ಟು ಮನೆಯಿಂದಲೇ ಒಯ್ಯುವ ಒಪ್ಪಂದವಾಯಿತು. ಮತ್ತೆ ತೂಗಿದಾಗ 2,940. ಒಂದು ನಟ್ಟೂ ಬಿಚ್ಚದೆ ಹಿಂಭಾಗ ಎರಡು ಬೆರಳಷ್ಟು ಎದ್ದಿತ್ತು.

ಉಳಿದ ಭಾರ ಎಲ್ಲಿ ಕೂತಿದೆ ಅನ್ನುವುದೂ ಅಷ್ಟೇ ಮುಖ್ಯ. ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ 3 ಮೀಟರ್ ಅಂತರ ಅಂದುಕೊಳ್ಳಿ. 600 ಕೆ.ಜಿ. ಪೆಟ್ಟಿಗೆಯ ಭಾರಕೇಂದ್ರ ಹಿಂದಿನ ಆಕ್ಸಲ್‌ಗಿಂತ 30 ಸೆಂಟಿಮೀಟರ್ ಹಿಂದೆ ಇದ್ದರೆ, ಹಿಂದಿನ ಆಕ್ಸಲ್ ಮೇಲೆ ಬೀಳುವುದು 600 ಅಲ್ಲ, 660. ಹೆಚ್ಚಿನ 60 ಬಂದದ್ದು ಮುಂದಿನ ಚಕ್ರಗಳಿಂದ. ಏತದ ಹಾಗೆ, ಒಂದು ತುದಿ ಒತ್ತಿದರೆ ಇನ್ನೊಂದು ಏಳುತ್ತದೆ. ಸ್ಟೇರಿಂಗ್ ಹಗುರ ಅನಿಸುವುದು, ಹೆಡ್‌ಲೈಟ್ ತೆಂಗಿನ ಮರದ ತುದಿ ನೋಡುವುದು ಇದರಿಂದಲೇ. ಆದ್ದರಿಂದ ನೀರು, ಬ್ಯಾಟರಿ, ಟೂಲ್ ಪೆಟ್ಟಿಗೆ ಕ್ಯಾಬಿನ್ ಕಡೆಗೆ, ನೆಲಕ್ಕೆ ಹತ್ತಿರ. ಬಟ್ಟೆ, ಹಾಸಿಗೆ ಹಿಂದೆ ಮತ್ತು ಮೇಲೆ.

## 3. ರೋಗ ಯಾವುದು ಅಂತ ಹೆಸರಿಡಿ

"ಗಾಡಿ ಸರಿ ಇಲ್ಲ" ಅಂದರೆ ವರ್ಕ್‌ಶಾಪಿನವರು ಕೈಗೆ ಸಿಕ್ಕಿದ್ದನ್ನು ಹಾಕುತ್ತಾರೆ. ಕುಸಿತ, ಕುಪ್ಪಳಿಕೆ, ಓಲಾಟ, ಗುದ್ದು: ನಾಲ್ಕೂ ಬೇರೆ ಬೇರೆ ರೋಗಗಳು, ನಾಲ್ಕಕ್ಕೂ ಮದ್ದು ಬೇರೆ.

ಕುಸಿತ. ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಅಳೆಯಿರಿ. ನೆಲದಿಂದ ಅಳೆಯಬೇಡಿ, ಟಯರ್ ಗಾಳಿ ಲೆಕ್ಕ ಕೆಡಿಸುತ್ತದೆ. ಖಾಲಿ ಇದ್ದಾಗ ಒಮ್ಮೆ, ತುಂಬಿದಾಗ ಒಮ್ಮೆ. ಭಾರ ಹೊತ್ತಾಗ ಹಿಂಭಾಗ ಸ್ವಲ್ಪ ಇಳಿಯುವುದು ಸಹಜ, ಖಾಲಿ ಪಿಕಪ್‌ನ ಹಿಂಭಾಗ ಎತ್ತರ ಇರುವುದೇ ಅದಕ್ಕೆ. ಹಿಂಭಾಗ ಮುಂಭಾಗಕ್ಕಿಂತ ತಗ್ಗಿದರೆ ಮಾತ್ರ ಕುಸಿತ ಅನ್ನಿ.

ಕುಪ್ಪಳಿಕೆ. ಹಂಪ್ ದಾಟಿದ ಮೇಲೆ ಗಾಡಿ ಒಮ್ಮೆ ಎದ್ದು ಕೂರಬೇಕು. ಎರಡು ಮೂರು ಸಲ ಏಳುತ್ತಾ ಬೀಳುತ್ತಾ ಹೋದರೆ ಶಾಕ್ ಅಬ್ಸಾರ್ಬರ್ ಸೋತಿದೆ. ಅದಕ್ಕೆ ಪ್ಲೇಟ್ ಸೇರಿಸಿದರೆ ಇನ್ನೂ ಜೋರಾಗಿ ಕುಪ್ಪಳಿಸುತ್ತದೆ. ಗಟ್ಟಿ ಸ್ಪ್ರಿಂಗ್‌ನ ಎಗರಾಟ ಹಿಡಿಯಲು ಹಳೆ ಶಾಕ್‌ಗೆ ತಾಕತ್ತು ಎಲ್ಲಿಂದ ಬರಬೇಕು?

ಓಲಾಟ. ಹೆದ್ದಾರಿಯ ಮೇಲ್ಸೇತುವೆ ಮೇಲೆ ಸಮುದ್ರದ ಕಡೆಯಿಂದ ಗಾಳಿ ಬಂದಾಗ, ಬಸ್ಸೊಂದು ಪಕ್ಕದಲ್ಲಿ ದಾಟಿದಾಗ, ಪೆಟ್ಟಿಗೆ ಎಡಕ್ಕೆ ಬಲಕ್ಕೆ ವಾಲುತ್ತದೆಯೇ? ಇದು ಎತ್ತರದ ಭಾರದ ಕಥೆ. ಟಯರ್ ಗಾಳಿ ಕಡಿಮೆ ಇದ್ದರೂ ಹೀಗೇ ಆಗುತ್ತದೆ, ಮೊದಲು ಅದನ್ನು ನೋಡಿ.

ಗುದ್ದು. ಹೊಂಡಕ್ಕೆ ಇಳಿದಾಗ ಅಡಿಯಿಂದ "ಧಡ್" ಅಂದರೆ ಆಕ್ಸಲ್ ಹೋಗಿ ರಬ್ಬರ್ ಸ್ಟಾಪರ್‌ಗೆ ಬಡಿಯುತ್ತಿದೆ. ಇಲ್ಲಿ ಗ್ರೀಸು ಬೇಕು. ಆಕ್ಸಲ್ ಮೇಲೆ ಸ್ಟಾಪರ್ ಬಂದು ತಾಗುವ ಜಾಗಕ್ಕೆ ತೆಳುವಾಗಿ ಗ್ರೀಸು ಬಳಿದು ಇಪ್ಪತ್ತು ಕಿಲೋಮೀಟರ್ ಓಡಿಸಿ ಬನ್ನಿ. ಚೆರ್ಕಳ-ಜಾಲ್ಸೂರು ರಸ್ತೆಯ ಏರಿಳಿತ ಇದಕ್ಕೆ ಸಾಕು. ಬಂದು ಟಾರ್ಚು ಹಾಕಿ ನೋಡಿದರೆ, ಬಡಿದಿದ್ದರೆ ರಬ್ಬರಿನ ತುದಿಯಲ್ಲಿ ಕಪ್ಪು ಗ್ರೀಸಿನ ಉಂಗುರ ಕಾಣುತ್ತದೆ. ಒಂದು ಬದಿಯಲ್ಲಿ ಮಾತ್ರ ಇದ್ದರೆ ಭಾರ ಆ ಬದಿಗೆ ವಾಲಿದೆ. ಎಡಗಡೆ ಗ್ರೀಸು, ಬಲಗಡೆ ಮಣ್ಣಿನ ಧೂಳು ಹಾಗೇ ಕೂತಿತ್ತು ನನ್ನ ಗಾಡಿಯಲ್ಲಿ. ಫ್ರಿಜ್ ಎಡಕ್ಕಿತ್ತು.

ಈ ನಾಲ್ಕರಲ್ಲಿ ಯಾವುದು, ಎಷ್ಟು ಅಂತ ಪುಸ್ತಕದಲ್ಲಿ ಬರೆಯಿರಿ. ಆಮೇಲೆ ಸಾಮಾನಿನ ಮಾತು.

## 4. ಟಯರ್ ಮೊದಲು

ಪ್ರತಿ ಟಯರಿನ ಬದಿಯಲ್ಲಿ ಅಳತೆಯ ನಂತರ ಒಂದು ಸಂಖ್ಯೆ ಇರುತ್ತದೆ. 108 ಅಂದರೆ ಒಂದು ಟಯರ್ 1,000 ಕೆ.ಜಿ. ಹೊರಬಲ್ಲದು. 112 ಅಂದರೆ 1,120. 116 ಅಂದರೆ 1,250. ಹಿಂದಿನ ಆಕ್ಸಲ್ ತೂಕವನ್ನು ಎರಡರಿಂದ ಭಾಗಿಸಿ ಇದಕ್ಕೆ ಹೋಲಿಸಿ. ಸರಿಸಮ ಬಂದರೆ ಸಾಲದು, ಒಂದು ಬದಿಗೆ ಭಾರ ಜಾಸ್ತಿ ಇರುತ್ತದೆ, ತಿರುವಿನಲ್ಲಿ ಇನ್ನೂ ಜಾಸ್ತಿ ಬೀಳುತ್ತದೆ. ರಿಮ್‌ಗೂ ಇಂಥದೇ ಮಿತಿ ಇದೆ. ಚಂದಕ್ಕೆ ಹಾಕಿಸಿದ ಅಲಾಯ್ ಇದ್ದರೆ ಅದರ ಒಳಭಾಗದಲ್ಲಿ ಬರೆದಿದೆಯೇ ನೋಡಿ.

ಗಾಳಿಯನ್ನು ಬಾಗಿಲ ಬಳಿಯ ಚೀಟಿಯಲ್ಲಿ ಪೂರ್ತಿ ಲೋಡ್‌ಗೆ ಹೇಳಿದಷ್ಟು ಇಡಿ, ಟಯರ್ ತಣ್ಣಗಿರುವಾಗ. ಪಂಕ್ಚರ್ ಅಂಗಡಿಯ ಗೇಜನ್ನು ನಂಬಿ ಮೋಸ ಹೋಗಬೇಡಿ, ನಿಮ್ಮದೇ ಒಂದು ಇಟ್ಟುಕೊಳ್ಳಿ. ಓಲಾಟ ಅಂತ ಬಂದ ಒಂದು ಗಾಡಿ ಬರೀ ಇಷ್ಟರಲ್ಲೇ ಸರಿಯಾಗಿ ವಾಪಸ್ ಹೋಗಿದೆ.

## 5. ಲೀಫ್ ಸ್ಪ್ರಿಂಗ್: ಯಾವಾಗಲೂ ಹೊರುವ ಭಾರಕ್ಕೆ

ಕ್ಯಾಂಪರ್ ವರ್ಷವಿಡೀ ಗಾಡಿಯ ಮೇಲೇ ಇರುವುದಾದರೆ ಸರಿಯಾದ ಮದ್ದು ಇದು. ಹಿಂದಿನ ಕಟ್ಟನ್ನು ಬಗ್ಗಿ ನೋಡಿ. ಮೇಲಿನ ಪ್ಲೇಟುಗಳು ಯಾವಾಗಲೂ ಕೆಲಸ ಮಾಡುತ್ತಿರುತ್ತವೆ. ಹಲವು ಗಾಡಿಗಳಲ್ಲಿ ಅಡಿಯಲ್ಲಿ ಒಂದು ದಪ್ಪ, ಹೆಚ್ಚು ಬಾಗದ ಪ್ಲೇಟು ಇರುತ್ತದೆ. ಅದು ಓವರ್‌ಲೋಡ್ ಪ್ಲೇಟು, ಭಾರ ಬಿದ್ದಾಗ ಮಾತ್ರ ತಾಗುತ್ತದೆ.

ಈಗ ತುಂಬಿದ ಗಾಡಿಯಲ್ಲಿ ಮೇಲಿನ ಕಟ್ಟಿಗೂ ಅದಕ್ಕೂ ನಡುವೆ ಎಷ್ಟು ಸಂದು ಉಳಿದಿದೆ ನೋಡಿ. ಒಂದು ಬೆರಳು ತೂರಿದರೆ, ತಿರುವಿನಲ್ಲಿ ಗಾಡಿ ಆ ಸಂದು ಮುಚ್ಚುವಷ್ಟು ವಾಲಿ ಆಮೇಲೆ ಗಟ್ಟಿಯಾಗುತ್ತದೆ. ಓಲಾಟದ ಅರ್ಧ ಅಲ್ಲಿದೆ. ಆ ಸಂದಿಗೆ ಸರಿಹೊಂದುವ ಸ್ಪೇಸರ್ (ನಡುವೆ ತುಂಬುವ ತುಂಡು) ಹಾಕಿದರೆ ಓವರ್‌ಲೋಡ್ ಪ್ಲೇಟು ಮೊದಲೇ ಕೆಲಸ ಶುರು ಮಾಡುತ್ತದೆ. ಅಮೆರಿಕದಲ್ಲಿ ಒಂದು ಟನ್ ದರ್ಜೆಯ ಎಫ್-350 ಥರದ ಗಾಡಿಗಳ ಮೇಲೆ ಕ್ಯಾಂಪರ್ ಹೊರುವವರು ಬಹಳ ಜನ ಮೊದಲು ಮಾಡುವ ಕೆಲಸ ಇದು, ಹೊಸ ಪ್ಲೇಟ್ ಆಮೇಲೆ.

ಪ್ಲೇಟ್ ಸೇರಿಸಲೇಬೇಕಾದರೆ ಒಂದೇ ಒಂದು ಸೇರಿಸಿ ಓಡಿಸಿ ನೋಡಿ. ಕಟ್ಟಿನ ಉಳಿದ ಪ್ಲೇಟುಗಳಷ್ಟೇ ಬಾಗು, ಅಷ್ಟೇ ಅಗಲ ಇರಬೇಕು. ಬಾಗು ಬೇರೆ ಇದ್ದರೆ ಒಂದೇ ಜಾಗದಲ್ಲಿ ಒತ್ತಿ, ಮುಖ್ಯ ಪ್ಲೇಟನ್ನೇ ಮುರಿಯುತ್ತದೆ. ಲಾರಿಯಿಂದ ಬಿಚ್ಚಿದ ಹಳೆ ಪ್ಲೇಟು ಕತ್ತರಿಸಿ ಹಾಕುವ ಅಭ್ಯಾಸ ನಮ್ಮ ಕಡೆ ಉಂಟು. ಬೇಡ.

ಇನ್ನೂ ಮೂರು ತಪ್ಪುಗಳನ್ನು ಪದೇಪದೇ ನೋಡುತ್ತೇನೆ. ಒಂದು, ಕುಸಿದ ಹಳೆ ಪ್ಲೇಟನ್ನೇ ಸುತ್ತಿಗೆಯಿಂದ ಬಡಿದು ಬಾಗು ತರಿಸುವುದು. ಮತ್ತೆ ಕಾಯಿಸಿ ಹದ ಕೊಡದಿದ್ದರೆ ಕೆಲವೇ ತಿಂಗಳಲ್ಲಿ ಮೊದಲಿನ ಹಾಗೇ ಮಲಗುತ್ತದೆ. ಎರಡು, ಪ್ಲೇಟಿಗೆ ವೆಲ್ಡಿಂಗ್. ಕಾದ ಜಾಗದಲ್ಲಿ ಉಕ್ಕಿನ ಹದ ಹೋಗಿ, ಅಲ್ಲೇ ಬಿರುಕು ಬಿಡುತ್ತದೆ. ಮೂರು, ಪ್ಲೇಟಿನ ಕಟ್ಟನ್ನು ಆಕ್ಸಲ್‌ಗೆ ಬಿಗಿಯುವ ಹಳೆ ಯು-ಬೋಲ್ಟನ್ನೇ ಮತ್ತೆ ಬಳಸುವುದು. ಅವು ಒಮ್ಮೆ ಬಿಗಿದಾಗಲೇ ಎಳೆದು ಹಿಗ್ಗಿರುತ್ತವೆ. ಪ್ಲೇಟು ಸೇರಿದಾಗ ಉದ್ದವೂ ಸಾಲುವುದಿಲ್ಲ. ಹೊಸದು ತನ್ನಿ, ಪ್ಲೇಟುಗಳ ನಡುವೆ ತೂರಿ ಹೋಗುವ ಸೆಂಟರ್ ಬೋಲ್ಟೂ ಹೊಸದು. ಗಾಡಿಯ ಭಾರ ಚಕ್ರದ ಮೇಲೆ ಇರುವಾಗ, ಅಡ್ಡಡ್ಡ ಕ್ರಮದಲ್ಲಿ, ಮ್ಯಾನುವಲ್ ಹೇಳಿದಷ್ಟು ಬಿಗಿಯಿರಿ. 100 ಕಿಲೋಮೀಟರ್ ಓಡಿದ ಮೇಲೆ ಒಮ್ಮೆ, 500ಕ್ಕೆ ಇನ್ನೊಮ್ಮೆ ನೋಡಿ. ಸಡಿಲ ಯು-ಬೋಲ್ಟಿನಿಂದ ಸೆಂಟರ್ ಬೋಲ್ಟ್ ತುಂಡಾದರೆ ಆಕ್ಸಲ್ಲೇ ಜಾಗ ಬಿಟ್ಟು ಸರಿಯುತ್ತದೆ, ಗಾಡಿ ಏಡಿಯ ಹಾಗೆ ಅಡ್ಡ ಓಡುತ್ತದೆ.

ಇದನ್ನು ಮರೆಯಬೇಡಿ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಚಾಸಿಸ್‌ನಲ್ಲಿರುವ ಬ್ರೇಕ್ ವಾಲ್ವ್‌ಗೆ ಒಂದು ಸಣ್ಣ ಸರಳೋ ಸ್ಪ್ರಿಂಗೋ ಹೋಗಿರುತ್ತದೆ. ಹಿಂಭಾಗ ಎಷ್ಟು ಇಳಿದಿದೆ ಎಂಬುದನ್ನು ನೋಡಿ ಆ ವಾಲ್ವ್ ಹಿಂದಿನ ಬ್ರೇಕಿಗೆ ಒತ್ತಡ ಬಿಡುತ್ತದೆ. ನೀವು ಸ್ಪ್ರಿಂಗ್ ಎತ್ತರಿಸಿದಾಗ, ಗಾಡಿ ತುಂಬಿದ್ದರೂ ಅದಕ್ಕೆ ಖಾಲಿ ಅನಿಸುತ್ತದೆ. ಹಿಂದಿನ ಬ್ರೇಕ್ ಕಡಿಮೆ ಹಿಡಿಯುತ್ತದೆ. ಪ್ಲೇಟು, ಏರ್ ಬ್ಯಾಗ್, ಏನೇ ಹಾಕಿ ಎತ್ತರ ಬದಲಾದರೂ ಅದನ್ನು ಮತ್ತೆ ಹೊಂದಿಸಬೇಕು. ಕೇಳದಿದ್ದರೆ ಯಾವ ವರ್ಕ್‌ಶಾಪಿನವರೂ ಮಾಡುವುದಿಲ್ಲ.

## 6. ಏರ್ ಬ್ಯಾಗ್: ಕೂರಿಸಿ ಇಳಿಸುವ ಪೆಟ್ಟಿಗೆಗೆ

ಶನಿವಾರ ಕ್ಯಾಂಪರ್, ಸೋಮವಾರ ಅಡಿಕೆ ಮೂಟೆ, ಬುಧವಾರ ಖಾಲಿ ಅನ್ನುವವರಿಗೆ ಇದು ಅನುಕೂಲ. ಚಾಸಿಸ್ ಮತ್ತು ಆಕ್ಸಲ್ ನಡುವೆ ಕೂರುವ ರಬ್ಬರ್ ಚೀಲ. ಭಾರ ಬಂದಂತೆ ಗಾಳಿ ಏರಿಸಿ, ಇಳಿಸಿ.

ಎಡಕ್ಕೂ ಬಲಕ್ಕೂ ಬೇರೆ ಬೇರೆ ಪೈಪು, ಬೇರೆ ವಾಲ್ವು ಇರಬೇಕು. ಎರಡನ್ನೂ ಟಿ ಜೋಡಿಸಿ ಒಂದೇ ವಾಲ್ವಿಗೆ ತಂದರೆ, ತಿರುವಿನಲ್ಲಿ ಒತ್ತಿಕೊಂಡ ಬದಿಯ ಗಾಳಿ ಇನ್ನೊಂದಕ್ಕೆ ಓಡುತ್ತದೆ. ವಾಲುವ ಬದಿ ಇನ್ನಷ್ಟು ವಾಲುತ್ತದೆ. ಖರ್ಚು ಉಳಿಸಲು ಹೋಗಿ ಓಲಾಟ ಕೊಂಡುಕೊಂಡ ಹಾಗೆ.

ಗಾಳಿ ತುಂಬುವುದು ಸೈಕಲ್ ಪಂಪಿನಲ್ಲೋ ಸಣ್ಣ 12 ವೋಲ್ಟ್ ಪಂಪಿನಲ್ಲೋ. ಇದನ್ನು ಕಲಿತದ್ದು ಒಂದು ಟಯರ್ ಅಂಗಡಿಯಲ್ಲಿ. ಹುಡುಗ ಕಂಪ್ರೆಸರ್ ಪೈಪು ಹಿಡಿದ, ನಾನು "ಮೂವತ್ತು ಸಾಕು" ಅನ್ನುವುದರೊಳಗೆ ಗಾಡಿಯ ಹಿಂಭಾಗ ಗಕ್ಕನೆ ಎದ್ದು ನಿಂತಿತು. ಟಯರಿನ ಹೊಟ್ಟೆ ದೊಡ್ಡದು, ಬ್ಯಾಗಿನದ್ದು ಚೊಂಬಿನಷ್ಟು. ಅಷ್ಟರಲ್ಲಿ ಜೋಡಣೆಯ ಬಳಿ ಒಂದು ಸೀಳು ಬಿದ್ದಾಗಿತ್ತು. ತಪ್ಪು ಹುಡುಗನದ್ದಲ್ಲ, ಪೈಪು ಕೊಟ್ಟ ನನ್ನದು. ಪೂರ್ತಿ ಖಾಲಿ ಇಟ್ಟು ಓಡಿಸುವುದೂ ತಪ್ಪು, ಮಡಿಕೆ ಬಿದ್ದು ಹರಿಯುತ್ತದೆ. ತಯಾರಕರು ಹೇಳಿದ ಕನಿಷ್ಠ ಗಾಳಿ, ಸಾಮಾನ್ಯವಾಗಿ 5ರಿಂದ 10 ಪಿಎಸ್‌ಐ, ಯಾವಾಗಲೂ ಇರಲಿ. ಸೈಲೆನ್ಸರ್ ಪೈಪು ಹತ್ತಿರ ಇದ್ದರೆ ನಡುವೆ ಶಾಖ ತಡೆಯುವ ತಗಡು ಬೇಕೇ ಬೇಕು. ಚಾಸಿಸ್‌ಗೆ ಜಾಕ್ ಕೊಟ್ಟು ಎತ್ತಿದಾಗ ಆಕ್ಸಲ್ ಚೀಲದಿಂದ ನೇತಾಡಬಾರದು.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಚಾಸಿಸ್‌ನದ್ದು. ಲೀಫ್ ಸ್ಪ್ರಿಂಗ್ ತನ್ನ ಭಾರವನ್ನು ಎರಡು ತುದಿಗಳಲ್ಲಿ, ಅಂದರೆ ಆಕ್ಸಲ್‌ಗಿಂತ ಮುಂದೆ ಒಂದು ಕಡೆ, ಹಿಂದೆ ಒಂದು ಕಡೆ, ಚಾಸಿಸ್‌ಗೆ ಹಂಚುತ್ತದೆ. ಏರ್ ಬ್ಯಾಗ್ ಆಕ್ಸಲ್‌ನ ನೇರ ಮೇಲೆ ಒಂದೇ ಬಿಂದುವಿನಲ್ಲಿ ಒತ್ತುತ್ತದೆ. ಪೆಟ್ಟಿಗೆ ಹಿಂದಕ್ಕೆ ಚಾಚಿದ್ದು, ಬ್ಯಾಗಿಗೆ ಗಾಳಿ ಜಾಸ್ತಿ, ರಸ್ತೆಯಲ್ಲಿ ಒಂದು ದೊಡ್ಡ ಹೊಂಡ: ಮೊಣಕಾಲಿಗೆ ಇಟ್ಟು ಕೋಲು ಮುರಿಯುವ ಹಾಗೆ, ಕ್ಯಾಬಿನ್ ಮತ್ತು ತೊಟ್ಟಿಯ ನಡುವೆ ಚಾಸಿಸ್ ಬಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಕ್ಯಾಂಪರ್ ಹೊತ್ತ ಡಬಲ್ ಕ್ಯಾಬ್‌ಗಳಿಗೆ ಹೀಗೆ ಆದದ್ದು ಹೆಸರುವಾಸಿ. ಕುಸಿತದ ಕೊನೆಯ ಸ್ವಲ್ಪವನ್ನು ಸರಿಮಾಡಲು ಮಾತ್ರ ಬ್ಯಾಗ್ ಬಳಸಿ. ಪೂರ್ತಿ ಭಾರ ಹೊರಲು ಅಲ್ಲ.

ಬ್ಯಾಗಿನ ಸೋರಿಕೆ, ಪಂಪು, ಪೈಪಿನ ಗೋಜು ಬೇಡ ಅನ್ನುವವರಿಗೆ ಗಟ್ಟಿ ರಬ್ಬರ್ ಅಥವಾ ಫೋಮ್‌ನ ಸ್ಪ್ರಿಂಗ್‌ಗಳಿವೆ. ಟಿಂಬ್ರೆನ್, ಸುಮೋಸ್ಪ್ರಿಂಗ್ಸ್ ಥರದವು. ಹಲವು ಗಾಡಿಗಳಲ್ಲಿ ಸ್ಟಾಪರ್ ಇದ್ದ ಜಾಗದಲ್ಲೇ ಕೂರುತ್ತವೆ. ಮೂರನೇ ಹಂತದಲ್ಲಿ ಗುದ್ದು ಮಾತ್ರ ಕಂಡಿದ್ದರೆ ಇಷ್ಟೇ ಸಾಕು. ನಿಮ್ಮ ಗಾಡಿಯ ಮಾಡೆಲ್‌ಗೆ ಅಂತಲೇ ಮಾಡಿದ್ದು ಸಿಕ್ಕರೆ ತನ್ನಿ, ಸುಮ್ನೆ ಹತ್ತಿರದ ಅಳತೆಯದ್ದು ತಂದು ತೂತು ಕೊರೆಯಬೇಡಿ.

## 7. ಶಾಕ್ ಅಬ್ಸಾರ್ಬರ್

ಶಾಕ್ ಭಾರ ಹೊರುವುದಿಲ್ಲ. ಕುಸಿತಕ್ಕೆ ಶಾಕ್ ಬದಲಿಸಿದರೆ ದುಡ್ಡು ನೀರಿಗೆ. ಅದರ ಕೆಲಸ ಸ್ಪ್ರಿಂಗ್‌ನ ಎಗರಾಟ ಹಿಡಿಯುವುದು. ಆದ್ದರಿಂದ ಸ್ಪ್ರಿಂಗ್ ತೀರ್ಮಾನವಾದ ಮೇಲೆಯೇ ಶಾಕ್. ಎತ್ತರ ಬದಲಾಗಿದ್ದರೆ ಶಾಕಿನ ಉದ್ದವೂ ಬದಲಾಗಬೇಕು. ಗಿಡ್ಡದ್ದು ಇದ್ದರೆ ಹೊಂಡದಲ್ಲಿ ಪೂರ್ತಿ ಎಳೆದುಕೊಂಡು ತುದಿ ಕಿತ್ತು ಬರುತ್ತದೆ. ಹಳೆಯದರ ಮೈಯಲ್ಲಿ ಎಣ್ಣೆ ಜಿನುಗಿ ಧೂಳು ಮೆತ್ತಿದ್ದರೆ ಅದು ಮುಗಿದಿದೆ. ಯಾವಾಗಲೂ ಜೋಡಿಯಾಗಿಯೇ ಬದಲಿಸಿ.

## 8. ಆಂಟಿ ರೋಲ್ ಬಾರ್

ಟಯರ್ ಸರಿ ಇದೆ, ಸಂದು ಮುಚ್ಚಿದೆ, ಶಾಕ್ ಹೊಸದು, ಆದರೂ ವಾಲುತ್ತದೆ. ಆಗ ಇದು. ಎಡ ಬಲ ಚಕ್ರಗಳನ್ನು ಒಂದು ಬಾಗಿದ ಸರಳಿನಿಂದ ಜೋಡಿಸಿ, ಒಂದು ಬದಿ ಮಾತ್ರ ಕುಸಿಯುವುದನ್ನು ತಡೆಯುತ್ತದೆ. ಲೀಫ್ ಸ್ಪ್ರಿಂಗ್ ಇರುವ ಬಹಳ ಪಿಕಪ್‌ಗಳಲ್ಲಿ ಹಿಂದೆ ಇದು ಇರುವುದೇ ಇಲ್ಲ. ಒಂದು ನಷ್ಟ ಇದೆ. ತೋಟದ ಕಚ್ಚಾ ರಸ್ತೆಯಲ್ಲಿ ಒಂದು ಚಕ್ರ ಹೊಂಡಕ್ಕಿಳಿದಾಗ ಇನ್ನೊಂದನ್ನೂ ಎಳೆಯುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಹೆದ್ದಾರಿಯೇ ಜಾಸ್ತಿ ಓಡಿಸುವವರಿಗೆ ಒಳ್ಳೆಯದು.

## 9. ಕಾಗದ ಪತ್ರ

ಬೇಸರದ ವಿಷಯ, ಆದರೆ ಬಿಡುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರ ಬದಲಾಗುವಂಥ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ್ದೇ ಒಂದು ಪ್ರಕರಣದಲ್ಲಿ ಇದನ್ನು ಗಟ್ಟಿಯಾಗಿ ಹೇಳಿತು. ಮಾಲೀಕ ಹಾಗೆ ಬದಲಿಸಿದರೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು. ಓವರ್‌ಲೋಡ್‌ಗೆ 20,000 ರೂಪಾಯಿ, ಮೇಲಿನ ಪ್ರತಿ ಟನ್‌ಗೆ 2,000. ಗಡಿಯ ತಲಪಾಡಿ ದಾಟಿದರೆ ರಾಜ್ಯ ಬೇರೆ, ಕಾಯ್ದೆ ಅದೇ.

ಪೆಟ್ಟಿಗೆಯನ್ನು ಚಾಸಿಸ್‌ಗೆ ಖಾಯಂ ಬಿಗಿಯುವ ಯೋಚನೆ ಇದ್ದರೆ ಕೆಲಸ ಶುರು ಮಾಡುವ ಮೊದಲೇ ನಕ್ಷೆ ಹಿಡಿದು ವಿದ್ಯಾನಗರದ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ. ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ, ಬಾಯಲ್ಲಿ ಹೇಳಿದ್ದು ಕ್ಲೇಮ್ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

## 10. ಓಡಿಸಿ ನೋಡುವ ಕ್ರಮ

ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಸಾಮಾನು ಒಟ್ಟಿಗೆ ಹಾಕಿಸಿದರೆ ಯಾವುದು ಕೆಲಸ ಮಾಡಿತು, ಯಾವುದು ಕೆಡಿಸಿತು ತಿಳಿಯುವುದಿಲ್ಲ. ಪ್ರತಿ ಸಲವೂ ಅದೇ ಭಾರ, ಅದೇ ಗಾಳಿ, ಅದೇ ರಸ್ತೆ.

ಮೊದಲು ಊರೊಳಗಿನ ಹಂಪ್‌ಗಳು, ನಿಧಾನವಾಗಿ. ಆಮೇಲೆ ಹೆದ್ದಾರಿ. ಖಾಲಿ ಜಾಗದಲ್ಲಿ ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು ಗಟ್ಟಿಯಾಗಿ ಬ್ರೇಕ್ ಹಿಡಿದು ನೋಡಿ, ಮೂತಿ ಮುಗ್ಗರಿಸಿದರೆ ಬ್ರೇಕ್ ವಾಲ್ವಿನ ಮಾತು ನೆನಪಿಸಿಕೊಳ್ಳಿ. ಇವೆರಡೂ ಸರಿ ಅನಿಸಿದ ಮೇಲೆ ಮಾತ್ರ ಪಾಣತ್ತೂರು ದಾಟಿ ಕರಿಕೆ, ಭಾಗಮಂಡಲದ ಘಾಟಿ. ಮೊದಲ ದಿನವೇ ಅಲ್ಲಿಗೆ ಹೋಗಬೇಡಿ. ನಾನು ಹೋಗಿದ್ದೆ. ಮೂರನೇ ತಿರುವಿನಲ್ಲಿ ಎಡಗಡೆಯಿಂದ ಚರ್ಮ ಸುಟ್ಟ ಹಾಗೆ ವಾಸನೆ. ಇಳಿದು ನೋಡಿದರೆ ಟಯರು ಹೋಗಿ ತೊಟ್ಟಿಯ ಒಳಭಾಗಕ್ಕೆ ಉಜ್ಜಿ, ಪೇಂಟು ಹೋಗಿ ತಗಡು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಿಂದೆ ತಿರುಗಿಸಲು ಜಾಗ ಇಲ್ಲ, ಮೇಲಿಂದ ಜೀಪು, ಕೆಳಗಿಂದ ಬಸ್ಸು. ಟ್ಯಾಂಕಿನ ನೀರನ್ನೆಲ್ಲ ಚರಂಡಿಗೆ ಬಿಟ್ಟು, ಹೆಂಡತಿ ಮಕ್ಕಳನ್ನು ಆ ಬಸ್ಸಿಗೆ ಹತ್ತಿಸಿ, ಹತ್ತರ ವೇಗದಲ್ಲಿ ಮುಂದೆ ಸಾಗಿದೆ.

## 11. ಎಚ್ಚರಿಕೆಯ ಗುರುತುಗಳು

ಗಾಡಿ ನಿಲ್ಲಿಸಿ ನೋಡಲೇಬೇಕಾದವು: ರಬ್ಬರ್ ಸುಟ್ಟ ವಾಸನೆ. ನೇರ ಹೋಗುವಾಗ ಸ್ಟೇರಿಂಗ್ ಒಂದು ಕಡೆಗೆ ತಿರುಗಿ ನಿಂತಿರುವುದು. ಕ್ಯಾಬಿನ್ ಮತ್ತು ತೊಟ್ಟಿಯ ನಡುವಿನ ಸಂದು ಮೇಲೆ ಕಿರಿದು, ಕೆಳಗೆ ಅಗಲ ಆಗಿರುವುದು ಅಥವಾ ಇದಕ್ಕೆ ವಿರುದ್ಧವಾಗಿರುವುದು. ಅದು ಚಾಸಿಸ್ ಬಾಗಿದ ಗುರುತು. ಹೊಸದಿದ್ದಾಗಲೇ ಆ ಸಂದನ್ನು ಮೇಲೆ ಕೆಳಗೆ ಅಳೆದು ಬರೆದಿಡಿ.

ಪ್ಲೇಟಿನ ಮೇಲೆ ಅಡ್ಡಕ್ಕೆ ತುಕ್ಕಿನ ತೆಳು ಗೆರೆ ಕಂಡರೆ ಒರೆಸಿ ನೋಡಿ. ಒರೆಸಿದರೆ ಹೋಗುವುದು ತುಕ್ಕು, ಮರುದಿನ ಮತ್ತೆ ಬರುವುದು ಬಿರುಕು. ಯು-ಬೋಲ್ಟ್ ನಟ್ಟಿನ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆದಿಟ್ಟರೆ ಅದು ತಿರುಗಿದ್ದು ಬಗ್ಗಿ ನೋಡಿದ ಕೂಡಲೇ ಗೊತ್ತಾಗುತ್ತದೆ. ಮಳೆಗೆ ಚಾಕ್ ನಿಲ್ಲುವುದಿಲ್ಲ, ಜೂನ್‌ನಿಂದ ಪೇಂಟ್ ಪೆನ್ನು.

ಬೇಕಲದ ಕಡಲ ತೀರದಲ್ಲಿ ಒಂದು ರಾತ್ರಿ ನಿಲ್ಲಿಸಿದ್ದರೂ ಸರಿ, ಮನೆಗೆ ಬಂದ ದಿನವೇ ಅಡಿಭಾಗಕ್ಕೆ ಸಿಹಿನೀರು ಹೊಡೆಯಿರಿ, ಪ್ಲೇಟುಗಳ ನಡುವೆ ಹೋಗುವ ಹಾಗೆ. ಬ್ಯಾಗಿನ ಮಡಿಕೆಗಳಲ್ಲಿ ಮರಳು ಕೂತಿದ್ದರೆ ಗಾಳಿ ತುಸು ಏರಿಸಿ, ಮಡಿಕೆ ಬಿಡಿಸಿ ತೊಳೆಯಿರಿ. ಆಮೇಲೆ ಗಾಳಿ ಮತ್ತೆ ಇಳಿಸಲು ಮರೆಯಬೇಡಿ.